ಬಿಟ್ಟಿಯಾಗಿ ಆಟ ಮಾಡಿಕೊಟ್ಟವರೇ ಯಾಕೆ ಬೇಸತ್ತು ಹೋಗುತ್ತಿದ್ದಾರೆ?

2022ರ ಜನವರಿ ಕೊನೆಯಲ್ಲಿ ಲಿಲಿತ್ ವಾಲ್ಥರ್ ಎಂಬ ಡೆವಲಪರ್ 'ಬ್ಲಡ್‌ಬೋರ್ನ್ ಪಿಎಸ್‌ಎಕ್ಸ್' ಅನ್ನೋ ಆಟವನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟರು. ಸೋನಿಯ 2015ರ ಬ್ಲಡ್‌ಬೋರ್ನ್ ಆಟ 1990ರ ದಶಕದ ಮೊದಲ ಪ್ಲೇಸ್ಟೇಷನ್‌ನಲ್ಲೇ ಬಂದಿದ್ದರೆ ಹೇಗಿರುತ್ತಿತ್ತು ಅಂತ ಊಹಿಸಿಕೊಂಡು ಮಾಡಿದ್ದು ಅದು. ಮೂರು ವರ್ಷ ಅದು ಎಲ್ಲರಿಗೂ ಸಿಗುತ್ತಿತ್ತು. 2025ರ ಆರಂಭದಲ್ಲಿ ಇದ್ದಕ್ಕಿದ್ದ ಹಾಗೆ ಸೋನಿ ಪರವಾಗಿ ಕಾಪಿರೈಟ್ ನೋಟಿಸ್ ಬಂತು. ಡೌನ್‌ಲೋಡ್ ಪುಟ ಹೋಯಿತು.

ಸುದ್ದಿ ಓದಿದವರು ಕೇಳಿದ ಪ್ರಶ್ನೆ ಸರಳವಾಗಿತ್ತು. ಅದು ತಪ್ಪಾಗಿದ್ದರೆ ಮೂರು ವರ್ಷ ಬಿಟ್ಟಿದ್ದು ಯಾಕೆ? ತಪ್ಪಲ್ಲದಿದ್ದರೆ ಈಗ ತೆಗೆಸಿದ್ದು ಯಾಕೆ?

ಇನ್ನೊಂದು ಗೊಂದಲವೂ ಇದೆ. ಇಂಥ ಫ್ಯಾನ್ ಗೇಮ್, ಅಂದರೆ ಅಭಿಮಾನಿಗಳ ಆಟ, ಮಾಡುವವರು 'ಇನ್ನು ಸಾಕು' ಅಂತ ಕೈಬಿಡುವಾಗ ಅವರ ಕೋಪವೆಲ್ಲಾ ಕಂಪನಿಗಳ ಮೇಲೇ ಇರುತ್ತದೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಆದರೆ ಅವರ ಮಾತನ್ನು ಕಿವಿಗೊಟ್ಟು ಕೇಳಿದರೆ ವಕೀಲರ ಬಗ್ಗೆ ಇರುವಷ್ಟೇ ಬೇಸರ ಆಡುವವರ ಬಗ್ಗೆ, ವೀಡಿಯೊ ಮಾಡುವವರ ಬಗ್ಗೆ, ಒಟ್ಟಾರೆ ಇಂಟರ್ನೆಟ್ ಈಗ ನಡೆದುಕೊಳ್ಳುವ ರೀತಿಯ ಬಗ್ಗೆ ಇರುತ್ತದೆ. ಬಿಟ್ಟಿಯಾಗಿ ಕೊಟ್ಟ ಆಟಕ್ಕೆ ಖುಷಿಪಡಬೇಕಾದ ಜನರ ಮೇಲೆ ಯಾಕೆ ಬೇಸರ?

ಎರಡೂ ಪ್ರಶ್ನೆಗಳ ಬೇರು ಒಂದೇ ಕಡೆ ಇದೆ ಅನ್ನೋದು ನನ್ನ ಅಭಿಪ್ರಾಯ. ಕಾನೂನು ಹೆಚ್ಚೇನೂ ಬದಲಾಗಿಲ್ಲ. ಫ್ಯಾನ್ ಗೇಮ್‌ಗಳು ಇಷ್ಟು ವರ್ಷ ಬದುಕಿದ್ದು ಜಾಸ್ತಿ ಜನರ ಕಣ್ಣಿಗೆ ಬೀಳದೆ ಇದ್ದದ್ದರಿಂದ. ಈಗಿನ ಇಂಟರ್ನೆಟ್‌ನಲ್ಲಿ ಕಣ್ಣಿಗೆ ಬೀಳದೆ ಇರುವುದು ಆಗದ ಮಾತು.

ಇದು ಹುಡುಗಾಟ ಅಲ್ಲ

ತಮಗೆ ಇಷ್ಟವಾದ ಆಟದ ಪಾತ್ರ, ಲೋಕ, ಸಂಗೀತ ಇಟ್ಟುಕೊಂಡು ಅಭಿಮಾನಿಗಳೇ ಮಾಡುವ ಆಟಕ್ಕೆ ಫ್ಯಾನ್ ಗೇಮ್ ಅನ್ನುತ್ತಾರೆ. ಹಳೆಯ ಆಟದ ಫೈಲನ್ನೇ ತಿದ್ದಿದರೆ ಅದು ರಾಮ್ (ROM) ಹ್ಯಾಕ್. ಇರುವ ಆಟದ ಮೇಲೆ ಹೊಸದನ್ನು ಕೂರಿಸಿದರೆ ಮಾಡ್. ಹೆಚ್ಚಿನವುಗಳ ಹಿಂದೆ ಇರುವುದು ಒಬ್ಬರು, ಇಲ್ಲವೇ ನಾಲ್ಕೈದು ಜನ. ಓದು, ಕೆಲಸ ಮುಗಿಸಿ ಉಳಿದ ಹೊತ್ತಲ್ಲಿ ವರ್ಷಗಟ್ಟಲೆ ಕೂತು ಮಾಡುತ್ತಾರೆ. ದುಡ್ಡು ಕೇಳುವುದಿಲ್ಲ.

ಆಟಗಳ ಲೋಕದ ದೊಡ್ಡ ದೊಡ್ಡ ಹೆಸರುಗಳು ಇಲ್ಲಿಂದ ಬಂದಿವೆ. ಕೌಂಟರ್-ಸ್ಟ್ರೈಕ್ 1999ರಲ್ಲಿ ಹಾಫ್-ಲೈಫ್ ಆಟದ ಮಾಡ್ ಆಗಿ ಶುರುವಾಯಿತು. 2015ರಲ್ಲಿ ಅಂಡರ್‌ಟೇಲ್ ಮಾಡಿದ ಟೋಬಿ ಫಾಕ್ಸ್ 2008ರಲ್ಲಿ ಅರ್ಥ್‌ಬೌಂಡ್ ಆಟದ ಒಂದು ಹ್ಯಾಕ್ ಮಾಡಿ ಕೈ ಪಳಗಿಸಿಕೊಂಡಿದ್ದರು. ಸೆಗಾ ಕಂಪನಿಯ ಸಾನಿಕ್ ಪಾತ್ರದ ಫ್ಯಾನ್ ಗೇಮ್ ಮಾಡುತ್ತಿದ್ದ ಕ್ರಿಶ್ಚಿಯನ್ ವೈಟ್‌ಹೆಡ್‌ಗೆ ಸೆಗಾ ಮೊದಲು ಹಳೆಯ ಸಾನಿಕ್ ಸಿಡಿಯನ್ನು ಹೊಸ ಯಂತ್ರಗಳಿಗೆ ತರುವ ಕೆಲಸ ಕೊಟ್ಟಿತು, ಆಮೇಲೆ ಅದೇ ವೈಟ್‌ಹೆಡ್ ಮತ್ತು ಜೊತೆಗಾರರು 2017ರಲ್ಲಿ ಸಾನಿಕ್ ಮೇನಿಯಾ ಮಾಡಿದರು, ಅಭಿಮಾನಿಗಳು ಮತ್ತು ವಿಮರ್ಶಕರು ಇಬ್ಬರೂ ಅದನ್ನು ಮೆಚ್ಚಿಕೊಂಡರು.

ಅಂದರೆ ಕಲಿಯುವವರಿಗೆ ಇದು ಗರಡಿ. ಪಾತ್ರ ಹೇಗೆ ಜಿಗಿಯಬೇಕು, ಹಂತ ಎಲ್ಲಿ ಕಷ್ಟವಾಗಬೇಕು ಅನ್ನೋದನ್ನು ಗೊತ್ತಿರುವ ಆಟದ ಮೇಲೆ ಪ್ರಯೋಗ ಮಾಡುತ್ತಾ ಕಲಿಯುತ್ತಾರೆ. ಈ ಗರಡಿ ಮುಚ್ಚಿಹೋದರೆ ನಷ್ಟ ಬರೀ ಒಂದೆರಡು ಉಚಿತ ಆಟಗಳದ್ದಲ್ಲ.

ಕಾನೂನು ಏನನ್ನುತ್ತದೆ

ಇಲ್ಲಿ ಮುಚ್ಚುಮರೆ ಬೇಡ. ಒಂದು ಕೃತಿಯಿಂದ ಇನ್ನೊಂದನ್ನು ಹುಟ್ಟಿಸುವ ಹಕ್ಕು ಮೂಲ ಮಾಲೀಕರದ್ದೇ. ಉಚಿತವಾಗಿ ಕೊಟ್ಟ ಮಾತ್ರಕ್ಕೆ ಈ ಹಕ್ಕು ಹೋಗುವುದಿಲ್ಲ. 'ಇದು ಕಂಪನಿಯ ಆಟ ಅಲ್ಲ, ಎಲ್ಲಾ ಹಕ್ಕುಗಳು ಅವರದ್ದೇ' ಅಂತ ಮೊದಲ ಪರದೆಯಲ್ಲಿ ಬರೆದರೂ ಹೋಗುವುದಿಲ್ಲ. ಅಮೆರಿಕದ ಕಾನೂನಿನಲ್ಲಿ 'ನ್ಯಾಯಯುತ ಬಳಕೆ' ಅನ್ನೋ ವಿನಾಯಿತಿ ಇದೆ ನಿಜ. ಆದರೆ ಯಾಕೆ ಬಳಸಿದರು, ಮೂಲ ಕೃತಿ ಎಂಥದ್ದು, ಎಷ್ಟು ಬಳಸಿದರು, ಮೂಲದ ಮಾರುಕಟ್ಟೆಗೆ ಏಟು ಬೀಳುತ್ತದಾ ಅನ್ನೋ ನಾಲ್ಕು ಅಂಶ ತೂಗಿ ನೋಡಿ ಅದನ್ನು ತೀರ್ಮಾನಿಸುವುದು ಕೋರ್ಟು. ಕೋರ್ಟಿನವರೆಗೆ ಹೋಗುವ ಶಕ್ತಿ ಯಾರಿಗಿದೆ?

ನೋಟಿಸ್ ಹೇಗೆ ಕೆಲಸ ಮಾಡುತ್ತದೆ ಅಂತ ಹತ್ತಿರದಿಂದ ನೋಡಿದರೆ ಇದು ಅರ್ಥವಾಗುತ್ತದೆ. ಅಮೆರಿಕದ 1998ರ ಡಿಎಂಸಿಎ ಅನ್ನೋ ಕಾಪಿರೈಟ್ ಕಾಯ್ದೆ ಪ್ರಕಾರ, ದೂರು ಬಂದ ಕೂಡಲೇ ವಸ್ತುವನ್ನು ತೆಗೆದರೆ ಫೈಲ್ ಇಟ್ಟುಕೊಂಡಿರುವ ತಾಣಕ್ಕೆ ಯಾವ ಹೊಣೆಯೂ ಬರುವುದಿಲ್ಲ. ಹಾಗಾಗಿ ತಾಣ ವಾದಕ್ಕೆ ಹೋಗುವುದಿಲ್ಲ, ತೆಗೆದುಬಿಡುತ್ತದೆ. ಆಟ ಮಾಡಿದವರು ಎದುರು ನೋಟಿಸ್ ಕೊಡಬಹುದು. ಅದಕ್ಕೆ ಅವರು ತಮ್ಮ ನಿಜವಾದ ಹೆಸರು, ವಿಳಾಸ, ಫೋನ್ ನಂಬರ್ ಕೊಡಬೇಕು. ತಪ್ಪಾಗಿ ತೆಗೆದಿದ್ದಾರೆ ಅಂತ ಪ್ರಮಾಣ ಮಾಡಿ ಹೇಳಬೇಕು, ಸುಳ್ಳಾದರೆ ಶಿಕ್ಷೆಗೆ ಒಳಗಾಗಬೇಕು. ಅಮೆರಿಕದ ಫೆಡರಲ್ ಕೋರ್ಟಿನ ವ್ಯಾಪ್ತಿಗೆ ಒಪ್ಪಬೇಕು. ಆಮೇಲೆ 10ರಿಂದ 14 ಕೆಲಸದ ದಿನಗಳ ಒಳಗೆ ಕಂಪನಿ ಕೇಸು ಹಾಕದಿದ್ದರೆ ಆಟ ವಾಪಸು ಬರುತ್ತದೆ. ಹಾಕಿದರೆ? ಬೇಕೆಂದೇ ಮಾಡಿದ ಉಲ್ಲಂಘನೆ ಅಂತ ಸಾಬೀತಾದರೆ ಒಂದು ಕೃತಿಗೆ 1,50,000 ಡಾಲರ್ ತನಕ ದಂಡ ಬೀಳುವ ಅವಕಾಶ ಕಾಯ್ದೆಯಲ್ಲಿದೆ.

ಕೀಬೋರ್ಡ್ ಹಿಂದೆ ಅಡ್ಡಹೆಸರಲ್ಲಿ ಕೂತಿರುವ ಹತ್ತೊಂಬತ್ತು ವರ್ಷದ ಹುಡುಗಿ ಈ ಅರ್ಜಿ ತುಂಬುತ್ತಾಳಾ? ಇಲ್ಲ. ಅದಕ್ಕೇ ಫ್ಯಾನ್ ಗೇಮ್ ಸರಿಯೋ ತಪ್ಪೋ ಅನ್ನೋ ಪ್ರಶ್ನೆಗೆ ಕೋರ್ಟಿನಿಂದ ಸ್ಪಷ್ಟ ಉತ್ತರ ಬಂದಿರುವುದು ಬಹಳ ಅಪರೂಪ. ಪತ್ರ ಬಂದ ದಿನವೇ ವಿಷಯ ಮುಗಿದಿರುತ್ತದೆ.

ಹಾಗೇ ಒಂದು ತಪ್ಪು ತಿಳುವಳಿಕೆ ತೆಗೆದುಬಿಡೋಣ. 'ತೆಗೆಸದೆ ಹೋದರೆ ಕಂಪನಿ ಹಕ್ಕನ್ನೇ ಕಳೆದುಕೊಳ್ಳುತ್ತದೆ, ಪಾಪ ಅವರಿಗೂ ಬೇರೆ ದಾರಿ ಇಲ್ಲ' ಅಂತ ಪ್ರತಿ ಸಲ ಯಾರಾದರೂ ಹೇಳುತ್ತಾರೆ. ಕಾಪಿರೈಟ್ ವಿಷಯದಲ್ಲಿ ಇದು ಸರಿಯಲ್ಲ, ಸುಮ್ಮನಿದ್ದರೂ ಹಕ್ಕು ಹೋಗುವುದಿಲ್ಲ. ಟ್ರೇಡ್‌ಮಾರ್ಕ್ ವಿಷಯದಲ್ಲಿ ಸ್ವಲ್ಪ ಹುರುಳಿದೆ, ಸಿಕ್ಕಸಿಕ್ಕವರು ಹೆಸರು ಬಳಸುತ್ತಾ ಹೋದರೆ ಆ ಗುರುತು ಸಡಿಲವಾಗಬಹುದು. ಆದರೆ ಅದಕ್ಕೆ ಹೆಸರು ಬದಲಿಸಿ ಅಂತ ಹೇಳಿದರೂ ಸಾಕಾಗುತ್ತದೆ, ಲೈಸೆನ್ಸ್ ಕೊಟ್ಟರೂ ಆಗುತ್ತದೆ. ಬಿಡಬೇಕೋ ತೆಗೆಸಬೇಕೋ ಅನ್ನೋದು ಬಹುಪಾಲು ಕಂಪನಿಯ ಆಯ್ಕೆ.

ಮರೆಯೇ ಪರವಾನಗಿ ಆಗಿತ್ತು

2000ದ ಆಸುಪಾಸಿನಲ್ಲಿ ಒಂದು ಸಾನಿಕ್ ಫ್ಯಾನ್ ಗೇಮ್ ಬಂದರೆ ಅದರ ವಿಷಯ ತಿಳಿಯುತ್ತಿದ್ದದ್ದು ಅಂಥದ್ದನ್ನೇ ಹುಡುಕಿಕೊಂಡು ಹೋದವರಿಗೆ. ಸೇಜ್ ಅನ್ನೋ ಹೆಸರಿನ ಸಾನಿಕ್ ಫ್ಯಾನ್ ಗೇಮ್ ಪ್ರದರ್ಶನ ಶುರುವಾಗಿದ್ದೂ 2000ದಲ್ಲೇ, ಪೂರ್ತಿ ಆನ್‌ಲೈನ್. ಬಂದವರಲ್ಲಿ ಅನೇಕರು ತಾವೂ ಏನಾದರೂ ಮಾಡುತ್ತಿದ್ದವರು. ಕಾನೂನು ಆಗಲೂ ಇದೇ ಇತ್ತು. ಆದರೆ ಯಾರೂ ನೋಡುತ್ತಿರಲಿಲ್ಲ, ಅಥವಾ ನೋಡಿದರೂ ನೋಡದ ಹಾಗೆ ಇರುವುದು ಸುಲಭವಿತ್ತು. ಬೇರೆಯವರ ಹೊಲದ ಬದುವಿನ ಮೇಲೆ ಒಬ್ಬಿಬ್ಬರು ನಡೆದು ಹೋದರೆ ಮಾಲೀಕ ಏನೂ ಅನ್ನುವುದಿಲ್ಲ, ಜಾತ್ರೆಯೇ ಆ ಕಡೆ ಹೊರಟರೆ ಬೇಲಿ ಹಾಕುತ್ತಾನೆ. ಆಗಿದ್ದು ಅದೇ.

ಇದು ಬರೀ ಊಹೆಯಲ್ಲ. ಪೋಕೆಮಾನ್ ಕಂಪನಿಯಲ್ಲಿ ಮುಖ್ಯ ಕಾನೂನು ಅಧಿಕಾರಿಯಾಗಿದ್ದ ಡಾನ್ ಮೆಗೋವನ್ 2024ರ ಒಂದು ಸಂದರ್ಶನದಲ್ಲಿ ಇದನ್ನು ಬಿಚ್ಚಿ ಹೇಳಿದರು. ತಾವು ಕೂತು ಫ್ಯಾನ್ ಗೇಮ್ ಹುಡುಕುತ್ತಿರಲಿಲ್ಲ, ಪತ್ರಿಕೆಗಳಲ್ಲಿ ಸುದ್ದಿಯಾದಾಗ ಗೊತ್ತಾಗುತ್ತಿತ್ತು, ಜನರಿಂದ ದುಡ್ಡು ಎತ್ತುವ ಹಂತಕ್ಕೆ ಬಂದರೆ ಕ್ರಮ ತೆಗೆದುಕೊಳ್ಳುತ್ತಿದ್ದೆವು ಅನ್ನೋದು ಅವರ ಮಾತಿನ ಸಾರ. ಅಭಿಮಾನಿಗಳ ಮೇಲೆ ಕೇಸು ಹಾಕಲು ಯಾರಿಗೂ ಇಷ್ಟವಿಲ್ಲ ಅಂತಲೂ ಹೇಳಿದರು. ಅಂದರೆ ಆಟ ಚೆನ್ನಾಗಿದೆ ಅಂತ ಸುದ್ದಿಯಾಗುವುದೇ ಅದಕ್ಕೆ ಮುಳುವು.

2016ರ ಆಗಸ್ಟ್ ಇದಕ್ಕೆ ಸರಿಯಾದ ಉದಾಹರಣೆ. ಅರ್ಜೆಂಟೀನಾದ ಮಿಲ್ಟನ್ ಗ್ವಾಸ್ತಿ ಸುಮಾರು ಹತ್ತು ವರ್ಷ ಕೂತು 1991ರ ಮೆಟ್ರಾಯ್ಡ್ 2 ಆಟವನ್ನು ಹೊಸದಾಗಿ ಕಟ್ಟಿದ್ದರು. 'ಎಎಂ2ಆರ್' ಅಂತ ಅದರ ಹೆಸರು. ಮೆಟ್ರಾಯ್ಡ್‌ಗೆ 30 ವರ್ಷ ತುಂಬಿದ ದಿನ, ಆಗಸ್ಟ್ 6ರಂದು, ಬಿಡುಗಡೆ ಮಾಡಿದರು. ಎಲ್ಲಾ ಕಡೆ ಹೊಗಳಿಕೆ ಬಂತು. ಕೆಲವೇ ದಿನಗಳಲ್ಲಿ ಮೆಟ್ರಾಯ್ಡ್‌ನ ಮಾಲೀಕ ಕಂಪನಿ ನಿಂಟೆಂಡೊದಿಂದ ನೋಟಿಸ್ ಬಂತು. ಅದೇ ತಿಂಗಳು ಬಂದ ಪೋಕೆಮಾನ್ ಯುರೇನಿಯಂ ಒಂಬತ್ತು ವರ್ಷದ ದುಡಿಮೆ. 15 ಲಕ್ಷಕ್ಕೂ ಜಾಸ್ತಿ ಸಲ ಡೌನ್‌ಲೋಡ್ ಆಯಿತು ಅಂತ ಅದನ್ನು ಮಾಡಿದವರು ಹೇಳಿದರು, ಅದೇ ಹೇಳಿಕೆಯಲ್ಲಿ ಲಿಂಕ್ ತೆಗೆಯುತ್ತಿದ್ದೇವೆ ಅಂತಲೂ ಹೇಳಿದರು. ಅವರಿಗೆ ನೇರವಾಗಿ ಪತ್ರ ಬಂದಿರಲಿಲ್ಲ, ನೋಟಿಸ್ ಬಂದಿದ್ದು ಫೈಲ್ ಇಟ್ಟಿದ್ದ ತಾಣಗಳಿಗೆ. ಮರು ತಿಂಗಳು ಗೇಮ್ ಜೋಲ್ಟ್ ತಾಣದಿಂದ ಒಂದೇ ಏಟಿಗೆ 562 ಫ್ಯಾನ್ ಗೇಮ್‌ಗಳನ್ನು ತೆಗೆಸಲಾಯಿತು. ಅದರಲ್ಲಿ ಅನೇಕವು ಹೆಚ್ಚು ಜನ ಆಡದ, ಕಲಿಯುವವರು ಮಾಡಿದ ಚಿಕ್ಕಪುಟ್ಟ ಆಟಗಳು. ಎರಡು ಆಟ ಸುದ್ದಿಯಾದದ್ದಕ್ಕೆ ಅವೂ ಹೋದವಾ ಅನ್ನೋದಕ್ಕೆ ಪುರಾವೆ ಇಲ್ಲ, ಆದರೆ ಆ ತಿಂಗಳುಗಳನ್ನು ನೋಡಿದ ಪ್ರತಿಯೊಬ್ಬ ಫ್ಯಾನ್ ಗೇಮ್ ಡೆವಲಪರ್ ಹಾಗೇ ಓದಿಕೊಂಡ.

ಸುದ್ದಿ ಮಾಡುವವರು ಯಾರು, ಏಟು ತಿನ್ನುವವರು ಯಾರು

ಈಗ ಇಂಟರ್ನೆಟ್ ಹೇಗೆ ಬದಲಾಯಿತು ನೋಡಿ. ಮೊದಲು ಜನ ಆಟದ ಹತ್ತಿರ ಹೋಗುತ್ತಿದ್ದರು. ಈಗ ಶಿಫಾರಸು ಮಾಡುವ ಅಲ್ಗಾರಿದಮ್ ಆಟವನ್ನು ಜನರ ಮುಂದೆ ತಂದು ಹಾಕುತ್ತದೆ, ಕೇಳಿದವರಿಗೂ ಕೇಳದವರಿಗೂ. ಅರ್ಧ ಮುಗಿದ ಡೆಮೊದ ಇಪ್ಪತ್ತು ಸೆಕೆಂಡಿನ ತುಣುಕು ಒಂದು ರಾತ್ರಿಯಲ್ಲಿ ಲಕ್ಷಾಂತರ ಜನರಿಗೆ ತಲುಪಬಹುದು. ಮಾಡಿದವರು ಅದನ್ನು ಬಯಸಿರಲೇಬೇಕು ಅಂತಿಲ್ಲ.

ಆ ವೀಡಿಯೊ ಮಾಡಿದವರಿಗೆ ಜಾಹೀರಾತಿನ ದುಡ್ಡು ಬರುತ್ತದೆ. 'ಕಂಪನಿ ಇದನ್ನು ತೆಗೆಸುವ ಮೊದಲು ಆಡಿಬಿಡಿ' ಅಂತ ಶೀರ್ಷಿಕೆ ಕೊಟ್ಟರೆ ಇನ್ನೂ ಜಾಸ್ತಿ ಬರುತ್ತದೆ. ತಾಣಕ್ಕೂ ಪಾಲು ಸಿಗುತ್ತದೆ. ಆಟ ಮಾಡಿದವರಿಗೆ ಒಂದು ರೂಪಾಯಿಯೂ ಇಲ್ಲ, ಯಾಕೆಂದರೆ ದುಡ್ಡು ಮುಟ್ಟಿದ ಕೂಡಲೇ ಕಾನೂನಿನ ಮುಂದೆ ಅವರ ಸ್ಥಿತಿ ಇನ್ನೂ ಹದಗೆಡುತ್ತದೆ ಅಂತ ಅವರಿಗೆ ಗೊತ್ತು. ಆದರೆ ನೋಟಿಸ್ ಬರುವುದು ಅವರ ಹೆಸರಿಗೆ. ಲಾಭ ಒಂದು ಕಡೆ, ಅಪಾಯ ಇನ್ನೊಂದು ಕಡೆ. ಫ್ಯಾನ್ ಗೇಮ್ ಮಾಡುವವರ ಕೋಪದಲ್ಲಿ ಅತ್ಯಂತ ನ್ಯಾಯವಾದ ಭಾಗ ಇದೇ ಅಂತ ನನಗನ್ನಿಸುತ್ತದೆ, ಮತ್ತು ಇದರ ಬಗ್ಗೆ ಮಾತು ಅತಿ ಕಡಿಮೆ.

ಇನ್ನು ಬೇರೆಯವರು ಎತ್ತಿ ಹಾಕುವ ಕಾಟ. ಯಾರೋ ಹಳೆಯ, ಬಗ್ ತುಂಬಿದ ಆವೃತ್ತಿಯನ್ನು ತಮ್ಮ ತಾಣದಲ್ಲಿ ಜಾಹೀರಾತು ಸಮೇತ ಹಾಕುತ್ತಾರೆ. ಜನ ಅದನ್ನು ಆಡಿ, ಸೇವ್ ಫೈಲ್ ಹಾಳಾಯಿತು ಅಂತ ಮೂಲ ಡೆವಲಪರ್‌ಗೆ ಬೈಯುತ್ತಾರೆ. ಅವರು ತೆಗೆಸಲು ಕೇಳುವ ಹಾಗೂ ಇಲ್ಲ. ಬೇರೆಯವರ ಪಾತ್ರ ಬಳಸಿದ ಆಟದ ಮೇಲೆ ಹಕ್ಕು ಸಾಧಿಸಲು ಹೋದರೆ ಮೊದಲು ತಾವೇ ಸಿಕ್ಕಿಬೀಳುತ್ತಾರೆ.

ಮಾತುಕತೆಯ ಜಾಗ ಹೋಯಿತು

ಹಳೆಯ ಫೋರಂಗಳು ಸ್ವರ್ಗವಾಗಿದ್ದವು ಅಂತ ಯಾರೂ ಹೇಳಬೇಕಾಗಿಲ್ಲ. ಹೊಸಬರನ್ನು ಹಂಗಿಸುವುದು, ಗುಂಪುಗಾರಿಕೆ, ಎಲ್ಲಾ ಇತ್ತು. ಆದರೆ ಅಲ್ಲಿ ಒಂದು ಆಟಕ್ಕೆ ಒಂದು ಎಳೆ (ಥ್ರೆಡ್) ಇರುತ್ತಿತ್ತು. ವಾರಕ್ಕೊಮ್ಮೆ ಡೆವಲಪರ್ ಒಂದು ಚಿತ್ರ ಹಾಕುತ್ತಿದ್ದರು. 'ಎರಡನೇ ಹಂತದಲ್ಲಿ ಇಳಿಜಾರಿನಿಂದ ಹಾರಿದರೆ ಪಾತ್ರ ನೆಲದೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ, ನೀವು ಡಿಕ್ಕಿಯನ್ನು ಪ್ರತಿ ಫ್ರೇಮಿಗೆ ಒಂದೇ ಸಲ ನೋಡುತ್ತಿದ್ದೀರಿ ಅನ್ಸುತ್ತೆ, ವೇಗ ಜಾಸ್ತಿ ಇದ್ದಾಗ ಎರಡು ಸಲ ನೋಡಿ' ಅಂತ ಉತ್ತರ ಬರುತ್ತಿತ್ತು. ಹಾಗೆ ಬರೆದವರೂ ಅದೇ ಕಷ್ಟ ಪಟ್ಟವರು. ಐದು ವರ್ಷದ ನಂತರ ಅದೇ ಸಮಸ್ಯೆ ಇರುವ ಇನ್ನೊಬ್ಬರು ಸರ್ಚ್ ಮಾಡಿದರೆ ಆ ಉತ್ತರ ಸಿಗುತ್ತಿತ್ತು.

ಗುಂಪಾಗಿ ಚಾಟ್ ಮಾಡುವ ಡಿಸ್ಕಾರ್ಡ್ ಆ್ಯಪ್ 2015ರಲ್ಲಿ ಬಂತು. ಕೆಲವೇ ವರ್ಷಗಳಲ್ಲಿ ಮಾತುಕತೆ ಅಲ್ಲಿಗೆ ಹೋಯಿತು. ಅಲ್ಲಿ ಒಳ್ಳೆಯದೂ ಇದೆ. ಧ್ವನಿಯಲ್ಲೇ ಮಾತಾಡಬಹುದು, ಪರದೆ ತೋರಿಸಿ ತಕ್ಷಣ ಸಹಾಯ ಪಡೆಯಬಹುದು, ದೂರದ ದೇಶದ ಸಂಗೀತಗಾರರು ಅರ್ಧ ಗಂಟೆಯಲ್ಲಿ ತಂಡ ಸೇರಬಹುದು. ಆದರೆ ಅದು ಹರಿಯುವ ಮಾತು. ಬೆಳಿಗ್ಗೆ ಕೊಟ್ಟ ವಿವರವಾದ ಉತ್ತರ ಮಧ್ಯಾಹ್ನದ ಹೊತ್ತಿಗೆ ಮೀಮ್‌ಗಳ ಕೆಳಗೆ ಹೂತುಹೋಗಿರುತ್ತದೆ. ಹೊರಗಿನ ಸರ್ಚ್ ಎಂಜಿನ್‌ಗಳಿಗೆ ಒಳಗಿನ ಮಾತು ಸಿಗುವುದಿಲ್ಲ. ಸರ್ವರ್ ಮಾಲೀಕರು ಒಂದು ದಿನ ಸಿಟ್ಟಿನಲ್ಲಿ ಡಿಲೀಟ್ ಒತ್ತಿದರೆ ವರ್ಷಗಳ ಪಾಠ ಹೋಯಿತು.

ಇತ್ತ ಹಳೆಯದೂ ಉಳಿಯಲಿಲ್ಲ. 2017ರಲ್ಲಿ ಫೋಟೋಬಕೆಟ್ ತನ್ನ ಚಿತ್ರಗಳನ್ನು ಬೇರೆ ತಾಣಗಳಲ್ಲಿ ತೋರಿಸಲು ವರ್ಷಕ್ಕೆ 399 ಡಾಲರ್ ಕೇಳಿತು. ಅದನ್ನೇ ನಂಬಿಕೊಂಡಿದ್ದ ಸಾವಿರಾರು ಪಾಠಗಳಲ್ಲಿ ಚಿತ್ರ ಇದ್ದ ಜಾಗದಲ್ಲಿ 'ಖಾತೆ ಮೇಲ್ದರ್ಜೆಗೆ ಏರಿಸಿ' ಅನ್ನೋ ಫಲಕ ಬಂದು ಕೂತಿತು. ಸ್ಪ್ರೈಟ್, ಅಂದರೆ ಆಟದ ಪಾತ್ರಗಳ ಚಿಕ್ಕ ಚಿತ್ರ, ಬಿಡಿಸುವುದನ್ನು ಚಿತ್ರವಿಲ್ಲದೆ ಕಲಿಸುವುದು ಹೇಗೆ? 2020ರ ಕೊನೆಗೆ ಅಡೋಬಿ ಫ್ಲ್ಯಾಶ್ ನಿಲ್ಲಿಸಿತು. ಬ್ರೌಸರಿನಲ್ಲೇ ಓಡುತ್ತಿದ್ದ ಒಂದು ತಲೆಮಾರಿನ ಆಟಗಳು ನಿಂತವು. ಫ್ಲ್ಯಾಶ್‌ಪಾಯಿಂಟ್‌ನಂಥ ಸ್ವಯಂಸೇವಕರ ಯೋಜನೆ, ಫ್ಲ್ಯಾಶ್ ಇಲ್ಲದೆಯೂ ಅವನ್ನು ಓಡಿಸುವ ರಫಲ್‌ನಂಥ ಎಮ್ಯುಲೇಟರ್ ಇಲ್ಲದಿದ್ದರೆ ಅವುಗಳಲ್ಲಿ ಬಹಳಷ್ಟನ್ನು ಇವತ್ತು ಆಡಲು ಆಗುತ್ತಿರಲಿಲ್ಲ.

ಜಾಗ ಬದಲಾದಾಗ ಬರುವ ಜನವೂ ಬದಲಾದರು. ಮಾಡುವವರಿಗಿಂತ ಬರೀ ಆಡುವವರು ಎಷ್ಟೋ ಪಟ್ಟು ಜಾಸ್ತಿಯಾದರು. ಅದರಲ್ಲಿ ತಪ್ಪೇನಿಲ್ಲ, ಆಟ ಇರುವುದೇ ಆಡಲಿಕ್ಕೆ. ತೊಂದರೆ ಏನೆಂದರೆ ಅವರಿಗೆ ಗೊತ್ತಿರುವ ಮಾದರಿ ದೊಡ್ಡ ಕಂಪನಿಗಳದ್ದು. ವಾರ ವಾರ ಅಪ್‌ಡೇಟ್, ದಿನಾಂಕ ಸಮೇತ ಯೋಜನೆ, ದೂರಿಗೆ ಕೂಡಲೇ ಉತ್ತರ. 'ಅಪ್‌ಡೇಟ್ ಯಾವಾಗ?' ಅನ್ನೋ ಪ್ರಶ್ನೆ ಒಬ್ಬರು ಕೇಳಿದರೆ ಪ್ರೀತಿ. ದಿನಕ್ಕೆ ಇನ್ನೂರು ಸಲ ಬಂದರೆ ಅದು ಒತ್ತಡ. ಪರೀಕ್ಷೆ ಇದೆ, ಮನೆಯಲ್ಲಿ ಕಷ್ಟವಿದೆ, ಒಂದು ತಿಂಗಳು ಆಗಲ್ಲ ಅಂತ ಹೇಳಿದವರಿಗೆ 'ಹಾಗಾದರೆ ಸೋರ್ಸ್ ಕೋಡ್ ಕೊಟ್ಟುಬಿಡಿ, ನಾವು ಮುಗಿಸ್ತೀವಿ' ಅನ್ನೋ ಉತ್ತರ ಬಂದರೆ ಹೇಗಿರುತ್ತದೆ ಯೋಚಿಸಿ. ಸಂಬಳವಿಲ್ಲದ ಕೆಲಸಕ್ಕೆ ಗ್ರಾಹಕ ಸೇವೆಯ ಹೊರೆ ಬಂದು ಕೂತಿದೆ.

ಹೆಸರು ಯಾರಿಗೆ? ಎಐ ತಂದ ಹೊಸ ತಲೆನೋವು

ಫ್ಯಾನ್ ಗೇಮ್ ಲೋಕದಲ್ಲಿ ದುಡ್ಡಿನ ಜಾಗದಲ್ಲಿ ಇರುವುದು ಹೆಸರು. ಸ್ಪ್ರೈಟ್ ಬಿಡಿಸಿದವರು, ಹಿನ್ನೆಲೆಯ ಟೈಲ್ ಮಾಡಿದವರು, ಸಂಗೀತ ಹೊಂದಿಸಿದವರು, ಎಲ್ಲರ ಹೆಸರೂ ಕ್ರೆಡಿಟ್ಸ್ ಫೈಲಿನಲ್ಲಿ ಇರಬೇಕು. ಹೆಸರು ಬಿಟ್ಟರೆ ಜಗಳ, ಕೆಲವೊಮ್ಮೆ ಬಹಿಷ್ಕಾರ. ಮೂಲ ಪಾತ್ರವೇ ಬೇರೆಯವರದ್ದು, ಇವರಿಗೆ ಇಷ್ಟು ಮಡಿ ಯಾಕೆ ಅಂತ ಹೊರಗಿನವರಿಗೆ ಅನ್ನಿಸಬಹುದು. ಕಾನೂನಿನ ರಕ್ಷಣೆ ಇಲ್ಲದ ಜಾಗದಲ್ಲಿ ಒಬ್ಬರ ದುಡಿಮೆಗೆ ಇನ್ನೊಬ್ಬರು ಕೊಡುವ ಮರ್ಯಾದೆಗೆ ಇದ್ದದ್ದು ಆ ಪಟ್ಟಿ ಒಂದೇ.

ಚಿತ್ರ, ಸಂಗೀತ ಹುಟ್ಟಿಸುವ ಎಐ ಬಂದ ಮೇಲೆ ಆ ಪಟ್ಟಿಯೇ ಅಲುಗಾಡಿತು. ತಿಂಗಳುಗಟ್ಟಲೆ ಬಿಡಿಸಿದ್ದು ಯಾವ ಮಾದರಿಯ ಹೊಟ್ಟೆ ಸೇರಿತು ಅಂತ ಗೊತ್ತಾಗುವುದಿಲ್ಲ. 2024ರ ಜನವರಿಯಲ್ಲಿ ಆಟ ಮಾರುವ ತಾಣ ಸ್ಟೀಮ್, ಎಐ ಬಳಸಿದ್ದರೆ ಹೇಳಲೇಬೇಕು ಅಂತ ನಿಯಮ ತಂದಿತು. ಚಿಕ್ಕ ಡೆವಲಪರ್‌ಗಳು ಆಟ ಹಾಕುವ ಇಚ್ ತಾಣವೂ ಅದೇ ವರ್ಷ, ಆಟಗಳಲ್ಲಿ ಬಳಸಲೆಂದು ಹಾಕುವ ಚಿತ್ರ, ಸಂಗೀತದಂಥ ಸಾಮಗ್ರಿಗೆ ಅಂಥ ಗುರುತು ಕಡ್ಡಾಯ ಮಾಡಿತು. ನಿಯಮ ಸರಿಯೇ. ಆದರೆ ಅನುಮಾನ ಹೋಗಲಿಲ್ಲ. ಕೈಯಲ್ಲೇ ಬಿಡಿಸಿದವರೂ ಈಗ 'ಇದು ಎಐ' ಅನ್ನೋ ಆರೋಪಕ್ಕೆ ಕರಡು ಚಿತ್ರಗಳನ್ನು ತೋರಿಸಿ ಉತ್ತರ ಕೊಡಬೇಕು.

ಕಂಪನಿಗಳ ವಾದದಲ್ಲಿ ಹುರುಳಿಲ್ಲವಾ?

ಇದೆ. ನಿಂಟೆಂಡೊ ಎಎಂ2ಆರ್ ತೆಗೆಸಿದ್ದಕ್ಕೆ ಜನ ಸಿಟ್ಟಾದರು. 2017ರ ಸೆಪ್ಟೆಂಬರ್‌ನಲ್ಲಿ ಅದೇ ಮೆಟ್ರಾಯ್ಡ್ 2 ಆಟದ ಅಧಿಕೃತ ಹೊಸ ರೂಪವನ್ನು ನಿಂಟೆಂಡೊ ಮಾರಾಟಕ್ಕೆ ತಂದಿತು. ಒಂದೇ ಆಟ ಒಂದು ಕಡೆ ದುಡ್ಡಿಗೆ, ಇನ್ನೊಂದು ಕಡೆ ಉಚಿತ. ಹೀಗಿರುವಾಗ ಕಂಪನಿ ಸುಮ್ಮನಿರಲಿ ಅಂತ ಕೇಳುವುದು ಕಷ್ಟವೇ. ಅಧಿಕೃತ ಲೈಸೆನ್ಸಿಗೆ ದುಡ್ಡು ಕೊಟ್ಟ ಪಾಲುದಾರರಿಗೂ ಅವರು ಉತ್ತರ ಹೇಳಬೇಕು. ಮಕ್ಕಳು ಆಡುವ ಪಾತ್ರಗಳನ್ನು ಯಾರೋ ಅಸಹ್ಯ ದೃಶ್ಯಗಳಲ್ಲಿ ಬಳಸಿದರೆ ಬೈಗುಳ ಬೀಳುವುದೂ ಕಂಪನಿಗೇ.

ಸಮಸ್ಯೆ ಇರುವುದು ಅಂದಾಜಿಗೆ ಸಿಗದಿರುವುದರಲ್ಲಿ. ಸೆಗಾ ಫ್ಯಾನ್ ಗೇಮ್‌ಗಳಿಗೆ ಉದಾರಿ ಅನ್ನುತ್ತಾರೆ, ಸಾನಿಕ್ ವಿಷಯದಲ್ಲಿ ನಿಜ. ಅದೇ ಸೆಗಾ 2011ರಲ್ಲಿ ಎಂಟು ವರ್ಷ ದುಡಿದು ಮಾಡಿದ ಸ್ಟ್ರೀಟ್ಸ್ ಆಫ್ ರೇಜ್ ರೀಮೇಕನ್ನು ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೆಗೆಸಿತು. ಹಾಫ್-ಲೈಫ್ ಮಾಡಿದ ವಾಲ್ವ್ ಕಂಪನಿ, ಆ ಆಟವನ್ನು ಅಭಿಮಾನಿಗಳು ಮತ್ತೆ ಕಟ್ಟಿದ ಬ್ಲ್ಯಾಕ್ ಮೆಸಾವನ್ನು ಸ್ಟೀಮ್‌ನಲ್ಲಿ ದುಡ್ಡಿಗೇ ಮಾರಲು ಬಿಟ್ಟಿತು. ಅದೇ ವಾಲ್ವ್ 2024ರ ಜನವರಿಯಲ್ಲಿ ತನ್ನ ಟೀಮ್ ಫೋರ್ಟ್ರೆಸ್ ಆಟದ ಒಂದು ಫ್ಯಾನ್ ಯೋಜನೆಗೆ ನೋಟಿಸ್ ಕಳಿಸಿತು, ನಿಂಟೆಂಡೊ 64 ಅನ್ನೋ ಹಳೆಯ ಯಂತ್ರಕ್ಕೆ ತನ್ನ ಪೋರ್ಟಲ್ ಆಟವನ್ನು ತರುತ್ತಿದ್ದವರಿಗೆ ನಿಲ್ಲಿಸಿ ಅಂದಿತು, ಯಾಕೆಂದರೆ ಆ ಕೆಲಸದಲ್ಲಿ ನಿಂಟೆಂಡೊದ ಕೋಡ್ ಲೈಬ್ರರಿಗಳು ಸೇರಿದ್ದವು. ಪ್ರತಿಯೊಂದಕ್ಕೂ ಒಳಗೆ ಒಂದು ಕಾರಣ ಇರುತ್ತದೆ. ಆದರೆ ಹೊರಗೆ ಕೂತು ವರ್ಷಗಟ್ಟಲೆ ದುಡಿಯುವವರಿಗೆ ಆ ಕಾರಣ ಮೊದಲೇ ಗೊತ್ತಾಗುವ ದಾರಿ ಇಲ್ಲ.

ಮೊದಲೇ ಹೇಳಿದವರೂ ಇದ್ದಾರೆ. ಜಪಾನಿನ ತೊಹೊ ಆಟಗಳನ್ನು ಮಾಡುವ ಝುನ್ (ZUN) ಎಂಬವರು, ಅಭಿಮಾನಿ ಕೃತಿಗಳಿಗೆ ಏನು ನಡೆಯುತ್ತದೆ, ಏನು ನಡೆಯಲ್ಲ ಅಂತ ನಿಯಮ ಕೊಟ್ಟು ಬಿಟ್ಟರು. ಆ ಲೋಕದ ಸುತ್ತ ಹುಟ್ಟಿದ ಆಟ, ಸಂಗೀತ, ಕಾಮಿಕ್ಸ್ ಲೆಕ್ಕಕ್ಕೆ ಸಿಗದಷ್ಟು, ಮೂಲ ಆಟಗಳಿಗೆ ಜನ ಬಂದಿದ್ದೂ ಅದರಿಂದಲೇ. ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್ ಮಾಡಿದ ಸ್ಕಾಟ್ ಕಾಥನ್ 2020ರಲ್ಲಿ ಇನ್ನೂ ಮುಂದೆ ಹೋಗಿ, ಹೆಸರು ಮಾಡಿದ ಕೆಲವು ಫ್ಯಾನ್ ಗೇಮ್‌ಗಳಿಗೆ ದುಡ್ಡು ಹಾಕಿ ಅಧಿಕೃತವಾಗಿ ಹೊರತರುವ ಯೋಜನೆ ಪ್ರಕಟಿಸಿದರು. ಇವು ಒಬ್ಬ ವ್ಯಕ್ತಿಯ ಕೈಯಲ್ಲಿ ಹಕ್ಕು ಇರುವ ಆಟಗಳು, ನೂರಾರು ಒಪ್ಪಂದಗಳಿರುವ ಕಂಪನಿಗೆ ಇಷ್ಟು ಸುಲಭವಲ್ಲ ಅನ್ನೋದು ನಿಜ. ಆದರೂ 'ದುಡ್ಡು ಮಾಡಬೇಡಿ, ನಮ್ಮ ಲೋಗೊ ಹಾಕಬೇಡಿ, ಈಗ ಮಾರುತ್ತಿರುವ ಆಟವನ್ನು ಹಾಗೇ ಮತ್ತೆ ಮಾಡಬೇಡಿ' ಅಂತ ಒಂದು ಪುಟ ಬರೆಯಲು ಆಗಲ್ವಾ?

'ಹಾಗಾದರೆ ಸ್ವಂತ ಆಟ ಮಾಡಿ'

ಈ ಸಲಹೆ ಎಲ್ಲಾ ಕಡೆ ಕೇಳುತ್ತದೆ. ಕೆಲವರು ಮಾಡಿದ್ದಾರೆ ಕೂಡ. ಫ್ರೀಡಂ ಪ್ಲಾನೆಟ್ ಸಾನಿಕ್ ಫ್ಯಾನ್ ಗೇಮ್ ಆಗಿ ಶುರುವಾಗಿ, ಸ್ವಂತ ಪಾತ್ರಗಳೊಂದಿಗೆ 2014ರಲ್ಲಿ ಬೇರೆಯೇ ಆಟವಾಗಿ ಬಂತು. ಮೇಲೆ ಹೇಳಿದ ವಾಲ್ಥರ್ ಬ್ಲಡ್‌ಬೋರ್ನ್ ಲೋಕದ ಒಂದು ಕಾರ್ಟ್ ರೇಸ್ ಆಟವನ್ನೂ ಮಾಡುತ್ತಿದ್ದರು. 2024ರಲ್ಲಿ ಸೋನಿ ಸಂಪರ್ಕಿಸಿದ ಮೇಲೆ ಹೆಸರು, ಗುರುತು ಎಲ್ಲಾ ಬದಲಿಸಿ 'ನೈಟ್‌ಮೇರ್ ಕಾರ್ಟ್' ಅಂತ ಮೇ ಕೊನೆಯಲ್ಲಿ ಬಿಟ್ಟರು.

ಆದರೆ ಎಲ್ಲಾ ಆಟಕ್ಕೂ ಇದು ಹೊಂದುವುದಿಲ್ಲ. ಎಎಂ2ಆರ್‌ನಿಂದ ಮೆಟ್ರಾಯ್ಡ್ ತೆಗೆದರೆ ಉಳಿಯುವುದು ಏನು? ಹಳೆಯ ಆಟವೊಂದಕ್ಕೆ ಬರೆದ ಪ್ರೇಮಪತ್ರದಲ್ಲಿ ಹೆಸರು ಅಳಿಸಿದರೆ ಅದು ಪತ್ರವಾಗಿ ಉಳಿಯಲ್ಲ. ಇನ್ನೂ ಒಂದು ವಿಷಯ. ಹೆಸರಿಲ್ಲದ ಸ್ವಂತ ಆಟಕ್ಕೆ ಗಿರಾಕಿ ಸಿಗುವುದು ಈಗ ಎಷ್ಟು ಕಷ್ಟ ಅಂದರೆ, ಸ್ಟೀಮ್‌ನಲ್ಲಿ ವರ್ಷಕ್ಕೆ ಸಾವಿರಾರು ಹೊಸ ಆಟ ಬರುತ್ತವೆ, ಅವುಗಳಲ್ಲಿ ಬಹುಪಾಲನ್ನು ಯಾರೂ ತಿರುಗಿ ನೋಡುವುದಿಲ್ಲ. ಫ್ಯಾನ್ ಗೇಮ್‌ನಲ್ಲಿ ಕಣ್ಣಿಗೆ ಬಿದ್ದರೆ ಅಪಾಯ, ಸ್ವಂತ ಆಟದಲ್ಲಿ ಕಣ್ಣಿಗೆ ಬೀಳದಿದ್ದರೆ ಸಾವು. ಎರಡೂ ಕಡೆ ಇರುವುದು ಅದೇ ಅಲ್ಗಾರಿದಮ್.

ಮುಂದೆ ಏನಾಗಬಹುದು

ಮೊದಲ ಪರಿಣಾಮ ಈಗಾಗಲೇ ಕಾಣುತ್ತಿದೆ. ಗುಟ್ಟಾಗಿ ಮಾಡಿ, ಪೂರ್ತಿ ಮುಗಿಸಿ, ಒಂದೇ ಸಲ ಬಿಟ್ಟುಬಿಡಿ, ನೋಟಿಸ್ ಬರುವ ಹೊತ್ತಿಗೆ ಸಾವಿರಾರು ಕಂಪ್ಯೂಟರ್‌ಗಳಲ್ಲಿ ಪ್ರತಿ ಇರುತ್ತದೆ. ಇದು ಈಗ ಸಾಮಾನ್ಯ ಬುದ್ಧಿಮಾತು. ಕ್ರೊನೊ ಟ್ರಿಗರ್ ಅನ್ನೋ ಹಳೆಯ ಆಟದ ಹ್ಯಾಕ್ ಒಂದು 2009ರಲ್ಲಿ ಬಿಡುಗಡೆಗೆ ಕೆಲವೇ ವಾರ ಇರುವಾಗ ಮಾಲೀಕ ಕಂಪನಿ ಸ್ಕ್ವೇರ್ ಎನಿಕ್ಸ್ ಪತ್ರದಿಂದ ನಿಂತಿದ್ದನ್ನು ನೋಡಿದವರಿಗೆ ಈ ಬುದ್ಧಿಮಾತು ಸರಿ ಅನ್ನಿಸುತ್ತದೆ. ಅದರ ಬೆಲೆ ಏನು? ಮಧ್ಯದಲ್ಲಿ ಯಾರಿಗೂ ತೋರಿಸದಿದ್ದರೆ ತಪ್ಪು ತಿದ್ದುವವರು ಇರುವುದಿಲ್ಲ. ಹೊಸಬರು ತಂಡ ಸೇರುವ ಬಾಗಿಲೂ ಮುಚ್ಚುತ್ತದೆ. ಐದು ವರ್ಷ ಒಬ್ಬರೇ ಕತ್ತಲಲ್ಲಿ ದುಡಿಯುವವರು ಮಧ್ಯದಲ್ಲೇ ಬಿಟ್ಟು ಹೋಗುವುದೂ ಜಾಸ್ತಿ.

ಎರಡನೆಯದು ಉಪಕರಣಗಳ ವಿಷಯ. ಪೋಕೆಮಾನ್ ಎಸೆನ್ಷಿಯಲ್ಸ್ ಅನ್ನೋ ಕಿಟ್ ಇಟ್ಟುಕೊಂಡು ಎಷ್ಟೋ ಜನ ಮೊದಲ ಸಲ ಆಟ ಮಾಡುವುದನ್ನು ಕಲಿತರು. 2018ರಲ್ಲಿ ಅದರ ಡೌನ್‌ಲೋಡ್ ಮತ್ತು ಅದನ್ನು ಬಳಸುವ ಬಗೆ ಬರೆದಿದ್ದ ವಿಕಿ ಎರಡೂ ಕಾಪಿರೈಟ್ ದೂರಿನಿಂದ ಹೋದವು. ಆಮೇಲೂ ಬಳಕೆ ನಿಲ್ಲಲಿಲ್ಲ, ಕೈಯಿಂದ ಕೈಗೆ ದಾಟಿತು. ಆದರೆ ಕೈಯಿಂದ ಕೈಗೆ ದಾಟುವುದು ಒಳಗಿನವರಿಗೆ ಮಾತ್ರ ಸಿಗುತ್ತದೆ. ಯಾರ ಪರಿಚಯವೂ ಇಲ್ಲದ ಹದಿನಾಲ್ಕರ ಹುಡುಗನಿಗೆ ಸಿಗುವುದಿಲ್ಲ.

ಮೂರನೆಯದು ಹಳೆಯ ಕೆಲಸಕ್ಕೂ ಹಬ್ಬಿದೆ. 2024ರ ಏಪ್ರಿಲ್‌ನಲ್ಲಿ ನಿಂಟೆಂಡೊ ಕೇಳಿದ ಮೇಲೆ ಗ್ಯಾರಿಸ್ ಮಾಡ್ ಅನ್ನೋ ಆಟದ ತಂಡ ಸುಮಾರು 20 ವರ್ಷಗಳಿಂದ ಜನ ಹಾಕಿದ್ದ ನಿಂಟೆಂಡೊ ಸಂಬಂಧಿತ ವಸ್ತುಗಳನ್ನು, ಆಡುವವರೇ ಮಾಡಿದ್ದನ್ನು ಹಂಚಿಕೊಳ್ಳುವ ಸ್ಟೀಮ್ ವರ್ಕ್‌ಶಾಪ್‌ನಿಂದ ತೆಗೆಯಲು ಶುರುಮಾಡಿತು. ಇಷ್ಟು ವರ್ಷ ಉಳಿದಿದೆ, ಇನ್ನು ಭಯವಿಲ್ಲ ಅನ್ನೋ ಲೆಕ್ಕಾಚಾರ ಅಲ್ಲಿಗೆ ಸುಳ್ಳಾಯಿತು. ಬ್ಲಡ್‌ಬೋರ್ನ್ ಪಿಎಸ್‌ಎಕ್ಸ್‌ನ ಮೂರು ವರ್ಷಕ್ಕೂ ಇದೇ ಉತ್ತರ. ಅಷ್ಟು ದಿನ ಇದ್ದದ್ದು ಒಪ್ಪಿಗೆ ಆಗಿರಲಿಲ್ಲ. ಬೇಲಿ ಹಾಕುವ ದಿನ ಇನ್ನೂ ಬಂದಿರಲಿಲ್ಲ, ಅಷ್ಟೇ.

ಕಾಯುತ್ತೇವೆ, ಹಕ್ಕಿನ ಅವಧಿ ಮುಗಿಯಲಿ ಅನ್ನೋಣ ಅಂದರೆ ಅದೂ ಆಗದು. ಅಮೆರಿಕದಲ್ಲಿ ಕಂಪನಿ ಒಡೆತನದ ಇಂಥ ಕೃತಿಗಳಿಗೆ ಪ್ರಕಟವಾದಂದಿನಿಂದ 95 ವರ್ಷ ರಕ್ಷಣೆ. 1986ರ ಮೆಟ್ರಾಯ್ಡ್ ಅಲ್ಲಿ 2081ರ ಕೊನೆಯವರೆಗೆ ನಿಂಟೆಂಡೊದ್ದೇ. ಅದನ್ನು ಚಿಕ್ಕಂದಿನಲ್ಲಿ ಆಡಿ ಬೆಳೆದವರಲ್ಲಿ ಬಹುಪಾಲು ಜನ ಆಗ ಇರುವುದಿಲ್ಲ.

ಹಾಗಾಗಿ ಸದ್ಯಕ್ಕೆ ದಾರಿ ಇರುವುದು ಲಿಖಿತ ನಿಯಮದಲ್ಲಿ, ಮತ್ತು ಕಲಿತದ್ದನ್ನು ಎಲ್ಲರಿಗೂ ಸಿಗುವ ಜಾಗದಲ್ಲಿ ಬರೆದಿಡುವುದರಲ್ಲಿ. ಮೊದಲನೆಯದು ಕಂಪನಿಗಳ ಕೈಯಲ್ಲಿದೆ, ಎಷ್ಟು ಕೂಗಿದರೂ ಅವರ ಮನಸ್ಸಿಗೆ ಬಂದಾಗ ಆಗುವಂಥದ್ದು. ಎರಡನೆಯದು ಫ್ಯಾನ್ ಗೇಮ್ ಮಾಡುವವರ ಕೈಯಲ್ಲೇ ಇದೆ. ಕೆಲವು ತಂಡಗಳು ಡಿಸ್ಕಾರ್ಡ್‌ನಲ್ಲಿ ಮಾತಾಡಿದರೂ ಪಾಠ, ಬದಲಾವಣೆಗಳ ಪಟ್ಟಿ, ಕ್ರೆಡಿಟ್ಸ್ ಇವನ್ನೆಲ್ಲಾ ಸರ್ಚಿಗೆ ಸಿಗುವ ಸಾದಾ ಪುಟಗಳಲ್ಲಿ ಮತ್ತೆ ಹಾಕಲು ಶುರುಮಾಡಿವೆ. ತಮ್ಮದೇ ಕೋಡನ್ನು ಪಾತ್ರ ಮತ್ತು ಚಿತ್ರಗಳಿಂದ ಬೇರ್ಪಡಿಸಿ, ಎಂಜಿನ್ (ಆಟವನ್ನು ಓಡಿಸುವ ಕೋಡ್) ಮಾತ್ರ ಮುಕ್ತವಾಗಿ ಬಿಡುವವರೂ ಇದ್ದಾರೆ. ಆಟಕ್ಕೆ ನೋಟಿಸ್ ಬಂದರೂ ಆ ಎಂಜಿನ್ ಮೇಲೆ ಇನ್ನೊಬ್ಬರು ಬೇರೆ ಆಟ ಕಟ್ಟಬಹುದು.